ಮೇಸ್ತ್ರಿಯಕ್ಕ ಓದಿ ಹೇಳಿದ ಧಾರಾವಾಹಿ

ಇದು ಶುರುವಾದದ್ದು ಬೇಸಿಗೆಯ ಮೊದಲಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ. ಶಾಲೆಗಳು ಬಾಗಿಲು ತೆಗೆಯುವ ಮುಂಚೆ ಮಕ್ಕಳ ಅಂಗಿಗಳನ್ನೆಲ್ಲ ಹೊಲಿದು ಮುಗಿಸಬೇಕಾದ ಕಾಲ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಮೇಲೆ ತಗಡು, ಎದುರುಬದುರಾಗಿ ಎರಡು ಸಾಲು ಹೊಲಿಗೆ ಮಷಿನ್ನು, ಮೂಲೆಯಲ್ಲಿ ಹಲಗೆ ಅಡ್ಡ ಹೊಡೆದು ಮಾಡಿದ ಇಸ್ತ್ರಿ ಕೋಣೆ. ತಗಡು ಕಾದು ಕೆಳಗೆ ಕೂತವರ ನೆತ್ತಿ ಬೇಯುತ್ತಿತ್ತು. ಮೂರು ಗಂಟೆ ಹತ್ತಿರವಾಯಿತೆಂದರೆ ಹೆಂಗಸರು ಒಬ್ಬೊಬ್ಬರಾಗಿ ತಲೆನೋವು ಎಂದೋ, ಮಗುವಿಗೆ ಜ್ವರ ಎಂದೋ, ಮನೆಗೆ ನೆಂಟರು ಎಂದೋ ಹೇಳಿ ಎದ್ದುಹೋಗಲು ನೋಡುತ್ತಿದ್ದರು. ಜ್ವರವೂ ಇಲ್ಲ, ನೆಂಟರೂ ಇಲ್ಲ. ಮೂರಕ್ಕೆ ಟಿವಿಯಲ್ಲಿ ಧಾರಾವಾಹಿ ಇತ್ತು. ಇದು ಯಜಮಾನನಿಗೆ ಗೊತ್ತಾದಾಗ ಅವನು ಬೈಯಲಿಲ್ಲ. ತನ್ನ ಮನೆಯ ಹಳೇ ಟಿವಿ ತಂದು ಗೋಡೆಗೆ ಹೊಡೆಸಿ, "ಇಲ್ಲೇ ನೋಡ್ಕೊಳ್ರಮ್ಮ. ಆದ್ರೆ ಕಾಲು ಪೆಡಲ್ ಮೇಲೇ ಇರ್ಬೇಕು, ಕಣ್ಣು ಬಟ್ಟೆ ಮೇಲೇ ಇರ್ಬೇಕು" ಎಂದ.

ಕಣ್ಣು ಬಟ್ಟೆಯ ಮೇಲಿದ್ದರೆ ಟಿವಿ ನೋಡುವುದು ಯಾವುದರಿಂದ? ಅದನ್ನು ಯಾರೂ ಕೇಳಲಿಲ್ಲ. ಓಡುವ ಮಷಿನ್ನಿನ ಸೂಜಿಯಿಂದ ಕಣ್ಣು ತೆಗೆದವಳ ಬೆರಳು ಉಳಿಯುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಸಾಲದ್ದಕ್ಕೆ ಅವರು ಓಡಿಹೋಗಿ ನೋಡುತ್ತಿದ್ದ ಹಳೇ ಧಾರಾವಾಹಿ ಆ ವಾರವೇ ಮುಗಿದು, ಅದೇ ಹೊತ್ತಿಗೆ ಬೇರೆ ದೇಶದ್ದೊಂದು ಶುರುವಾಯಿತು. ಮಾತೆಲ್ಲ ಅವರ ಭಾಷೆಯಲ್ಲಿ; ಕೆಳಗೆ ಮಾತ್ರ ನಮ್ಮ ಅಕ್ಷರ ಓಡುತ್ತಿತ್ತು. ಅದಕ್ಕೂ ಒಂದು ದಾರಿ ಹುಡುಕಿದರು. ಸಾಲುಗಳ ನಡುವೆ ಓಡಾಡಿ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯಕ್ಕ ಒಬ್ಬಳೇ ಅಲ್ಲಿ ಕೈ ಖಾಲಿ ಇರುವವಳು. ಗಂಟಲೂ ಗಟ್ಟಿ. ಅವಳು ಟಿವಿಯ ಕೆಳಗೆ ನಿಂತು ಅಕ್ಷರಗಳನ್ನು ಕೂಗಿ ಓದುವುದು, ಉಳಿದವರು ಹೊಲಿಯುತ್ತ ಕೇಳುವುದು.

ಅಲ್ಲಿ ಯಾರನ್ನೂ ಹುಟ್ಟಿದ ಹೆಸರಿನಿಂದ ಕರೆಯುತ್ತಿರಲಿಲ್ಲ. ಹೊಲಿಯುವ ಭಾಗವೇ ಹೆಸರು. ಜೇಬು ಕೂರಿಸುವವಳು ಜೇಬಕ್ಕ, ಕಾಲರ್ ಹೊಲಿಯುವವಳು ಕಾಲರಮ್ಮ. ಕಿಟಕಿಯ ಪಕ್ಕ ನೆಲದ ಮೇಲೆ ಕೂತು ಕೈಯಲ್ಲೇ ಗುಂಡಿತೂತಿನ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅದು ಗುಬ್ಬಿಯಿಂದ ಅಂಟಿದ ಹೆಸರು. ಗುಬ್ಬಿ ಅವಳ ಸತ್ತ ತಂಗಿಯ ಮಗಳು. ಆಳು ಚಿಕ್ಕದು, ಬಾಯಿ ದೊಡ್ಡದು. ಹಾಲುಹಲ್ಲು ಬೀಳುವ ಮುಂಚೆಯೇ ತಾಯಿ ಹೋದಳು. ಅಂದಿನಿಂದ ದೊಡ್ಡಮ್ಮನೇ ಅಪ್ಪ, ಅಮ್ಮ, ಊರು, ಕೇರಿ ಎಲ್ಲ. ಕೋಣೆಯ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಅಂಚು ಕಟ್ಟುವ ಓವರ್‌ಲಾಕ್ ಮಷಿನ್ನಿಗೆ ಗುಬ್ಬಿ ಕೂರುತ್ತಿದ್ದಳು. ಆ ಮಷಿನ್ನಿನ ಸದ್ದಿಗೆ ಪಕ್ಕದಲ್ಲಿ ಮನೆ ಬಿದ್ದರೂ ಕೇಳಿಸದು. ದೊಡ್ಡಮ್ಮ ಬೆಳಕಿಗಾಗಿ ಕಿಟಕಿಯ ಕಡೆ ತಿರುಗಿದ್ದರಿಂದ ಟಿವಿ ಅವಳ ಬೆನ್ನಿಗಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು; ಎದುರಿಗಿದ್ದಿದ್ದರೂ ಅಷ್ಟು ಜೋರಾಗಿ ಓಡುವ ಅಕ್ಷರ ಅವಳ ಕೈಗೆ ಸಿಕ್ಕುತ್ತಿರಲಿಲ್ಲ.

ಕಥೆ ಹೀಗಿತ್ತು. ಯಾವುದೋ ಸಮುದ್ರದ ದಂಡೆಯ ಊರು. ರೊಟ್ಟಿ ಸುಟ್ಟು ಮಾರುವ ಒಬ್ಬ ವಿಧವೆ. ಅವಳಿಗೊಬ್ಬ ಮಗ, ಒಬ್ಬಳು ಮಗಳು. ಮಗಳು ಗಡಿಯಾರ ರಿಪೇರಿಯವನ ಮಗನನ್ನು ಮೆಚ್ಚಿದಳು. ಅವರ ದೇವರು ಬೇರೆ, ಇವರ ದೇವರು ಬೇರೆ. ಮಗ ಒಬ್ಬ ಗುರುವಿನ ಹಿಂದೆ ಬಿದ್ದ. ಆ ಗುರು ಹುಡುಗರನ್ನು ಕೂರಿಸಿಕೊಂಡು, ನಮ್ಮ ದೇವರು ಉಳಿಯಬೇಕಾದರೆ ಅವರು ಇರಬಾರದು ಎಂದು ಬೋಧಿಸುವವನು. ಇಷ್ಟು ಮೇಸ್ತ್ರಿಯಕ್ಕ ಬರೆದದ್ದು ಬರೆದಹಾಗೆಯೇ ಓದಿದಳು.

ಮೊದಮೊದಲು ಹೆಂಗಸರಿಗೆ ಆ ಹುಡುಗಿಯ ಮೇಲೆ ಪ್ರಾಣವೇ ಇತ್ತು. ಗಡಿಯಾರದವನ ಮಗ ನಿಂತ ಗಡಿಯಾರವನ್ನು ಸರಿಮಾಡಿ ಅವಳ ಕಿಟಕಿಯಲ್ಲಿ ಇಟ್ಟುಹೋದ ದಿನ ಕಾಲರಮ್ಮ ಅತ್ತು, ಎರಡು ಕಾಲರು ತಿರುಗಾಮುರುಗಾ ಹೊಲಿದಳು. "ನಮ್ಮೆಜಮಾನ್ರು ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಗೋಡೆ ಮೊಳೆ ಹೊಡ್ದುಕೊಟ್ಟಿಲ್ಲ ಕಣ್ರೇ" ಎಂದು ಜೇಬಕ್ಕ ನಗಿಸಿದಳು.

ಆ ನಗು ಕೇಳಿ ದೊಡ್ಡಮ್ಮನ ಜೀವ ತಂಪಾಯಿತು. ಅದಕ್ಕೆ ಕಾರಣವಿತ್ತು. ಗುಬ್ಬಿ ಇಸ್ತ್ರಿಯವನನ್ನು ಮೆಚ್ಚಿದ್ದಳು. ಅವನೂ ಬೇರೆ ದೇವರನ್ನು ನಂಬುವವನು. ಒಳ್ಳೆಯ ಹುಡುಗ. ಬೆಳಗ್ಗಿನಿಂದ ಆ ಬಿಸಿಯಲ್ಲಿ ನಿಂತರೂ ಮುಖ ಸಿಂಡರಿಸಿದವನಲ್ಲ. ಇಸ್ತ್ರಿ ಕೋಣೆಯ ಸ್ಟೋವಿನ ಮೇಲೆ ನಾಲ್ಕು ಗಂಟೆಗೆ ಎಲ್ಲರಿಗೂ ಚಹಾ ಕಾಯಿಸಿ, ತಾನೇ ಸಾಲಿನುದ್ದಕ್ಕೂ ಕೊಟ್ಟು ಬರುತ್ತಿದ್ದ. ನೋಂದಣಿ ಕಚೇರಿಯಲ್ಲಿ ಸರಳವಾಗಿ ಮದುವೆ ಮಾಡಿಕೊಳ್ಳುವುದೆಂದು ಅವರಿಬ್ಬರೂ ನಿಶ್ಚಯಿಸಿದ್ದರು. ಸಾಕ್ಷಿಗೆ ಮೂವರು ಬೇಕು. ಅವನ ಕಡೆ ಒಬ್ಬ ಅಣ್ಣ ಇದ್ದ. ಇವರ ಕಡೆ ದೊಡ್ಡಮ್ಮ ಬಿಟ್ಟರೆ ಯಾರೂ ಇಲ್ಲ.

"ದೊಡ್ಡಮ್ಮ, ನಮ್ಮ ಕಡೆಯವ್ರು ಅಂದ್ರೆ ಈ ಮಷಿನ್ನಿನವ್ರೇ ತಾನೆ? ಎಲ್ರೂ ಬರ್ಲಿ. ನಾಳೆನೇ ಹೇಳಿಬಿಡ್ತೀನಿ" ಎಂದು ಗುಬ್ಬಿ ಕುಣಿದಳು.

"ತಡಿಯೇ. ಹದ ನೋಡಿ ಹೇಳೋಣ. ಧಾರಾವಾಹಿಯಲ್ಲಿ ಆ ಹುಡುಗಿ ಮದುವೆ ಒಂದು ಆಗ್ಲಿ. ಎಲ್ರೂ ಕಣ್ಣೀರು ಹಾಕಿ ಆಶೀರ್ವಾದ ಮಾಡ್ತಾರೆ. ಅದರ ಮಾರನೇ ದಿನ ನಿನ್ನದು ಹೇಳಿದ್ರೆ ಯಾರು ಬೇಡ ಅಂತಾರೆ?" ಎಂದಳು ದೊಡ್ಡಮ್ಮ.

ತಾಳಿದವನು ಬಾಳಿಯಾನು ಎನ್ನುವ ಮಾತನ್ನು ಅವಳು ಜೀವಮಾನವೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು. ಆದರೆ ಹೀಗೆ ಕಾಯುತ್ತಿರುವಾಗಲೇ ಕಥೆ ಹುಳಿಯತೊಡಗಿತು.

ಯಾವತ್ತಿನಿಂದ ಎಂದು ಆಮೇಲೆ ನೆನೆಸಿಕೊಂಡಾಗ ಅವಳಿಗೆ ಸರಿಯಾಗಿಯೇ ನೆನಪಾಯಿತು. ಎರಡು ಬೀದಿ ಆಚೆ ಒಂದು ಹಾಸಿಗೆ ಅಂಗಡಿ ಸುಟ್ಟುಹೋಯಿತಲ್ಲ, ಆ ವಾರದಿಂದ. ಹತ್ತಿ ತುಂಬಿದ ಅಂಗಡಿ, ನಿಮಿಷದಲ್ಲಿ ಬೂದಿ. ಅಂಗಡಿಯವನು ಇಸ್ತ್ರಿಯವನ ಮಂದಿಯೇ. ಒಳಗೆ ಮಲಗಿದ್ದ ಮುದುಕನನ್ನು ಬೆನ್ನೆಲ್ಲ ಬೆಂದ ಸ್ಥಿತಿಯಲ್ಲಿ ಎಳೆದು ತಂದಿದ್ದರು. ಯಾರು ಹಚ್ಚಿದರು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ. ಆ ವಾರದಿಂದ ಮೇಸ್ತ್ರಿಯಕ್ಕನ ಓದಿನಲ್ಲಿ ಗಡಿಯಾರದವನ ಮಗನ ಮಾತಿಗೆ ಒಂದು ಕೊಂಕು ಬಂತು. ಹುಡುಗಿಯ ಹತ್ತಿರ ಜೇನು, ತನ್ನವರ ಹತ್ತಿರ ವಿಷ. 'ಅವಳನ್ನು ನಮ್ಮ ಕಡೆ ಸೆಳೆದರೆ ಅವಳ ಮನೆ ಮುರಿದ ಹಾಗೆ' ಎಂದು ಅವನು ಸ್ನೇಹಿತರಿಗೆ ಹೇಳಿದನಂತೆ. ರೊಟ್ಟಿಯವಳ ಮಗ ಮಾತ್ರ ದಿನದಿಂದ ದಿನಕ್ಕೆ ಶುದ್ಧ ಚಿನ್ನವಾಗುತ್ತ ಹೋದ. ರಾತ್ರಿಯೆಲ್ಲ ಬೀದಿ ಕಾಯುತ್ತಾನೆ, ಮುದುಕಿಯರ ಚೀಲ ಹೊರುತ್ತಾನೆ.

ಕಡೆಗೆ ಒಂದು ಬುಧವಾರ ಗಡಿಯಾರದ ಅಂಗಡಿ ಉರಿಯಿತು. "ಅವರ ಅಂಗಡಿಗೆ ಅವರೇ ಬೆಂಕಿ ಹಚ್ಚಿಕೊಂಡು ನಮ್ಮ ಹುಡುಗರ ಮೇಲೆ ಹಾಕಿದರು!" ಎಂದು ಮೇಸ್ತ್ರಿಯಕ್ಕ ಕೂಗಿ ಓದಿದಳು. ಕೋಣೆಯ ತುಂಬ ಬೈಗುಳ ಎದ್ದಿತು.

"ನಂಗೆ ಮೊದ್ಲೇ ಗೊತ್ತಿತ್ತು ಬಿಡು. ಅವನ ಕಣ್ಣಲ್ಲೇ ಕಾಣ್ತಿತ್ತು ಮೋಸ" ಎಂದಳು ಕಾಲರಮ್ಮ.

"ಅವನ ಕಣ್ಣು ಯಾವಾಗ ನೋಡ್ದೆ ತಾಯಿ? ನಿನ್ನ ಕಣ್ಣು ಕಾಲರ್ ಬಿಟ್ಟು ಎದ್ದಿದ್ದೇ ಇಲ್ವಲ್ಲ" ಎಂದು ದೊಡ್ಡಮ್ಮ ಕೇಳಿದಳು.

"ಕೇಳಿದ್ರೆ ಸಾಕು ದೊಡ್ಡಮ್ಮ, ನೋಡ್ಬೇಕಾ? ಹೊಗೆ ಕಂಡ್ರೆ ಬೆಂಕಿ ನೋಡೋಕೆ ಹೋಗ್ತೀವಾ?"

ಜೇಬಕ್ಕ ಹಲ್ಲಿನಲ್ಲಿ ದಾರ ಕಡಿದು ಹೇಳಿದಳು: "ಈಗ ತಿಳೀತು ನೋಡ್ರೇ. ನಮ್ಮ ಹಾಸಿಗೆ ಅಂಗಡಿದೂ ಇದೇ ಕಥೆ. ವಿಮೆ ಗಿಮೆ ಇರುತ್ತೆ, ತಾವೇ ಹಚ್ಕೊಂಡಿರ್ತಾರೆ."

"ಬೆನ್ನು ಸುಟ್ಕೊಂಡ ಮುದುಕನಿಗೂ ವಿಮೆ ಇತ್ತೇನೇ?" ಎಂದಳು ದೊಡ್ಡಮ್ಮ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮಷಿನ್ನುಗಳು ಓಡುತ್ತಲೇ ಇದ್ದವು.

ಅವತ್ತು ನಾಲ್ಕಕ್ಕೆ ಇಸ್ತ್ರಿಯವನು ಚಹಾ ತಂದಾಗ ಜೇಬಕ್ಕ ಲೋಟಕ್ಕೆ ಕೈ ಚಾಚಲಿಲ್ಲ. "ಗಡಿಯಾರದವ್ರ ಕೈಯ ಚಹಾ ನಂಗೆ ಬೇಡಪ್ಪ" ಎಂದಳು. ಹಲಗೆಯ ಆಚೆ ಇಸ್ತ್ರಿಯ ಬುಸುಬುಸು ಬಿಟ್ಟು ಬೇರೇನೂ ಕೇಳದ ಅವನಿಗೆ ಧಾರಾವಾಹಿಯ ಸಂಗತಿ ಏನು ಗೊತ್ತು? ನಕ್ಕ. "ಅಕ್ಕ, ನನ್ನ ಹತ್ರ ವಾಚೂ ಇಲ್ಲ. ಗಡಿಯಾರ ಎಲ್ಲಿಂದ ತರ್ಲಿ?" ಎಂದ. ಸಾಲಿನಲ್ಲಿ ಒಬ್ಬರೂ ನಗಲಿಲ್ಲ. ಕಾಲರಮ್ಮನೂ ಲೋಟ ಹಿಂದಕ್ಕೆ ತಳ್ಳಿದಳು. ಅವನು ಒಂದೊಂದೇ ಮಷಿನ್ನಿನ ಮುಂದೆ ನಿಂತು, ಅಲ್ಲಾಡಿದ ತಲೆಗಳನ್ನು ನೋಡುತ್ತ, ತಂದ ಚಹಾವನ್ನು ತಂದಹಾಗೆಯೇ ಹಿಂದಕ್ಕೆ ಒಯ್ದ. ಅವನ ನಗು ಮಾತ್ರ ಮುಖದ ಮೇಲೆ ಉಳಿದುಬಿಟ್ಟಿತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡ ಸಾಮಾನಿನ ಹಾಗೆ.

ಅದನ್ನು ಕಂಡು ದೊಡ್ಡಮ್ಮ ಸೂಜಿ ಕೆಳಗಿಟ್ಟಳು. ಆಮೇಲೆ ಮತ್ತೆ ಎತ್ತಿಕೊಂಡಳು. ನಾಲ್ಕು ದಿನ ಹೋಗಲಿ, ಕಥೆ ಮತ್ತೆ ತಿರುಗೀತು ಎಂದುಕೊಂಡಳು.

ಆ ವಾರದ ಶನಿವಾರ ಮೇಸ್ತ್ರಿಯಕ್ಕ ಬರಲಿಲ್ಲ. ಮೈಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದ್ದಳು. ಶನಿವಾರ ಹೊಸ ಕಥೆ ಬರುವುದಿಲ್ಲ. ವಾರದಲ್ಲಿ ನಡೆದದ್ದನ್ನೇ ಒಟ್ಟುಮಾಡಿ ಇನ್ನೊಮ್ಮೆ ತೋರಿಸುತ್ತಾರೆ. ಆದರೂ ಮೂರಾಗುತ್ತಲೇ ಹೆಂಗಸರ ಕಿವಿ ತುರಿಸತೊಡಗಿತು. "ಗುಬ್ಬಿ, ನೀನು ಓದೇ. ನೀನು ಎಂಟು ಕ್ಲಾಸ್ ಓದಿದೋಳು" ಎಂದು ಜೇಬಕ್ಕನೇ ಕರೆದಳು. ಗುಬ್ಬಿ ತನ್ನ ಮಷಿನ್ನು ನಿಲ್ಲಿಸಿ ಟಿವಿಯ ಕೆಳಗೆ ಬಂದು ನಿಂತಳು. ಆ ಧಾರಾವಾಹಿಯನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಗುಬ್ಬಿ ಓದಿದಳು: "'ಬಾಗಿಲು ತೆಗೆಯಮ್ಮಾ. ಗಡಿಯಾರದ ಅಂಗಡಿಗೆ ಬೆಂಕಿ ಹಚ್ಚಿದ್ದು ನಾನೇ. ಗುರುಗಳು ಹೇಳಿದರು, ಹಚ್ಚಿದೆ. ದೇವರು ಮೆಚ್ಚುತ್ತಾನೆ.'"

ಒಂದು ಮಷಿನ್ನು ನಿಂತಿತು. ಜೇಬಕ್ಕನದು.

"ಏಯ್, ಏನೇ ಓದ್ತಿದ್ದೀಯ? ಯಾರು ಹೇಳಿದ್ದು ಅದು?"

"ರೊಟ್ಟಿಯವಳ ಮಗ, ಅವನಮ್ಮನಿಗೆ."

"ಮೇಸ್ತ್ರಿಯಕ್ಕ ಬುಧವಾರ ಓದಿದ್ದೇ ಬೇರೆ. ಸಾಲು ನುಂಗ್ಬೇಡ, ಸರಿಯಾಗಿ ಓದು."

"ಬರೆದಿರೋದನ್ನೇ ಓದ್ತಿದ್ದೀನಿ ಜೇಬಕ್ಕ. ಕೇಳಿ, ಅವನಮ್ಮ ಹೇಳ್ತಾಳೆ: 'ನಿನ್ನ ಕೈ ನನ್ನ ಬಾಗಿಲು ಮುಟ್ಟಬಾರದು. ನಾನೇ ಹೋಗಿ ಪೊಲೀಸರಿಗೆ ಹೇಳುತ್ತೇನೆ. ನಿನ್ನನ್ನು ಹೆತ್ತವಳು ನಾನು, ನೀನು ಮಾಡಿದ್ದನ್ನು ಮುಚ್ಚಿಡುವವಳಲ್ಲ.'"

"ಸುಳ್ಳು! ಆ ಮಹಾತಾಯಿ ಮಗನ ತಲೆ ನೇವರಿಸಿ ಆಶೀರ್ವಾದ ಮಾಡಿದ್ಳು. ನಾವೆಲ್ಲ ಕೇಳಿಲ್ವಾ?" ಎಂದು ಕಾಲರಮ್ಮ ಎದ್ದಳು.

"ನಾನ್ಯಾಕೆ ಸುಳ್ಳು ಓದ್ಲಿ?"

"ಯಾಕೆ ಅಂತ ನಾವು ಹೇಳ್ಬೇಕಾ?" ಜೇಬಕ್ಕ ಇಸ್ತ್ರಿ ಕೋಣೆಯ ಕಡೆ ಕತ್ತು ತಿರುಗಿಸಿದಳು. "ಅಲ್ಲೊಬ್ಬ ಗಡಿಯಾರದವನು ಇದ್ದಾನಲ್ಲ, ಅವನ ಮೇಲಿನ ಮೋಹಕ್ಕೆ. ಅವನಿಗೆ ಬೇಕಾದ ಹಾಗೆ ಕಥೆ ತಿರುಗಿಸ್ತಿದ್ದೀಯ. ನಮ್ಗೆ ಕಣ್ಣಿಲ್ಲ ಅಂದ್ಕೊಂಡ್ಯಾ? ಬಸ್ ನಿಲ್ದಾಣದಲ್ಲಿ ಇಬ್ರೂ ಒಂದೇ ಕೊಡೆ ಕೆಳಗೆ ನಿಂತಿದ್ದು ನಾನೇ ನೋಡಿದ್ದೀನಿ."

ಗುಬ್ಬಿಯ ಬಾಯಿ ಕಟ್ಟಿಹೋಯಿತು. ಅಷ್ಟು ದೊಡ್ಡ ಬಾಯಿ ಕಟ್ಟಿದ್ದನ್ನು ದೊಡ್ಡಮ್ಮ ಎಂದೂ ಕಂಡಿರಲಿಲ್ಲ. ಮಡಿಲಿನ ಅಂಗಿಯನ್ನು ಪಕ್ಕಕ್ಕೆಸೆದು, ಮೊಣಕಾಲು ಹಿಡಿದು ಎದ್ದಳು. "ಮಷಿನ್ ನಿಲ್ಲಿಸ್ರೇ. ಎಲ್ಲಾ ನಿಲ್ಲಿಸಿ" ಎಂದು ಕೂಗಿದಳು.

ಅವಳು ಕೂಗಿದ್ದನ್ನು ಅಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ. ಕಾಲುಗಳು ತಾವಾಗಿ ನಿಂತವು. ಟಿವಿಯೊಳಗಿನ ಪರಭಾಷೆಯ ಮಾತು ಮೊದಲ ಸಲ ಆ ಕೋಣೆಯಲ್ಲಿ ಚೊಕ್ಕವಾಗಿ ಕೇಳಿಸಿತು.

"ಓದೋದು ಬೇಡ. ಕಣ್ಣೆತ್ತಿ ನೋಡಿ. ಚಿತ್ರಕ್ಕೂ ಯಾರಾದ್ರೂ ಓದಿ ಹೇಳ್ಬೇಕಾ?"

ಅದೇ ಹೊತ್ತಿಗೆ ಟಿವಿಯಲ್ಲಿ ಬೆಂಕಿಯ ರಾತ್ರಿಯನ್ನು ಇನ್ನೊಮ್ಮೆ ತೋರಿಸುತ್ತಿದ್ದರು. ರೊಟ್ಟಿಯವಳ ಮಗ ಡಬ್ಬ ಎತ್ತಿ ಗಡಿಯಾರದ ಅಂಗಡಿಯ ಬಾಗಿಲಿಗೆ ಸುರಿದ, ಕಡ್ಡಿ ಗೀರಿದ, ಬೆಳಕಿನಲ್ಲಿ ಅವನ ಮುಖ ಇಡೀ ಟಿವಿ ತುಂಬಿತು. ಇನ್ನೇನು ಬೇಕು?

ಆಮೇಲೆ ಕಾಲರಮ್ಮ ಮೆಲ್ಲಗೆ ಅಂದಳು: "ಆರಿಸೋಕೆ ಹೋಗಿದ್ದಾನೆ ಅನ್ಸುತ್ತೆ. ನೀರಿನ ಡಬ್ಬ ಇರ್ಬೇಕು."

"ಹೂಂ ಮತ್ತೆ. ಕತ್ತಲು, ಅದಕ್ಕೆ ಕಡ್ಡಿ ಗೀರಿದ್ದಾನೆ" ಎಂದಳು ಜೇಬಕ್ಕ.

ದೊಡ್ಡಮ್ಮ ಅವರ ಮುಖಗಳನ್ನೇ ನೋಡಿದಳು. ತಮಾಷೆಗೆ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಹಾಗೆಯೇ ಕಂಡಿತ್ತು. ಕಿವಿಯಲ್ಲಿ ತುಂಬಿಕೊಂಡದ್ದು ಕಣ್ಣಿಗೆ ಅಡ್ಡ ನಿಂತಿತ್ತು. ಕಣ್ಣಿಲ್ಲದವರಿಗೆ ಕೈ ಹಿಡಿದು ದಾರಿ ತೋರಿಸಬಹುದು. ಇವರಿಗೆ ಏನು ಮಾಡುವುದು? ಇಷ್ಟು ವರ್ಷ ಪಕ್ಕಪಕ್ಕ ಕೂತು, ಒಂದೇ ಡಬ್ಬಿಯ ಸೂಜಿ ಹಂಚಿಕೊಂಡು ಹೊಲಿದವರು. ಇವರ ಬಾಣಂತನಕ್ಕೆ ಅವಳು ಹೋಗಿದ್ದಳು, ಇವರ ಮಕ್ಕಳ ಕಿತ್ತ ಗುಂಡಿಗಳನ್ನೆಲ್ಲ ಹಾಕಿಕೊಟ್ಟಿದ್ದಳು.

"ಹೌದು, ನನ್ನ ಮಗಳು ಆ ಹುಡುಗನ್ನ ಮದುವೆಯಾಗ್ತಾಳೆ. ಬರೋ ಶುಕ್ರವಾರ. ನಿಮ್ಮನ್ನೆಲ್ಲ ಕರೀಬೇಕು ಅಂತ ಎರಡು ತಿಂಗಳಿಂದ ಬಾಯಿ ಕಟ್ಕೊಂಡು ಕೂತಿದ್ದೆ. ಕರೆದಿದ್ದೀನಿ. ಬರೋರು ಬನ್ನಿ" ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು.

ಮಷಿನ್ನುಗಳು ಮತ್ತೆ ಓಡತೊಡಗಿದವು. ಟಿವಿಯನ್ನು ಯಾರೋ ಆರಿಸಿದರು.

ಸೋಮವಾರ ಮೇಸ್ತ್ರಿಯಕ್ಕ ಬಂದಳು. ಕಣ್ಣು ಊದಿಕೊಂಡಿತ್ತು, ಕೂದಲು ಹೇಗೆಂದರೆ ಹಾಗೆ ಗಂಟು ಹಾಕಿದ್ದಳು. ಅವಳು ಬಾಗಿಲು ದಾಟುವ ಮುಂಚೆಯೇ ಜೇಬಕ್ಕ ಎಲ್ಲವನ್ನೂ ಒದರಿದಳು. ಮೇಸ್ತ್ರಿಯಕ್ಕ ಶನಿವಾರ ಹೊಲಿದ ಅಂಗಿಗಳನ್ನು ಎತ್ತಿ ತಪ್ಪು ಹುಡುಕುತ್ತ ನಿಂತಳು. ದೊಡ್ಡಮ್ಮ ಅವಳೆದುರು ಹೋದಳು.

"ಒಂದೇ ಮಾತು ಹೇಳು ತಾಯಿ. ಅಲ್ಲಿ ಬರೆದಿರೋದೇ ಓದಿದ್ಯಾ?"

"ನಿಮ್ಗ್ಯಾಕೆ ಅದು? ಟಿವಿ ಕಥೆ. ಒಂದು ಮಾತು ಹೆಚ್ಚುಕಡಿಮೆ ಆಗಿರುತ್ತೆ."

"ಒಂದು ಮಾತಲ್ಲ. ಹಚ್ಚಿದವನನ್ನ ಚಿನ್ನ ಮಾಡ್ದೆ, ಸುಟ್ಟುಹೋದವರನ್ನ ಕಳ್ಳರು ಮಾಡ್ದೆ. ಯಾಕೆ?"

"ನನ್ನ ಮಗನ್ನ ಏನೂ ಅನ್ಬೇಡಿ!" ಎಂದು ಮೇಸ್ತ್ರಿಯಕ್ಕ ಕಿರುಚಿದಳು.

ಅವಳ ಮಗನ ಹೆಸರನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳಿಗೂ ಅದು ತಿಳಿಯಿತು. ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. ಮಗ ಬೆಳಗ್ಗೆ ಸಂಜೆ ಯಾವ ಹುಡುಗರ ಜೊತೆ ಗುಂಪು ಕಟ್ಟಿಕೊಂಡು ತಿರುಗುತ್ತಿದ್ದ ಎನ್ನುವುದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಹಾಸಿಗೆ ಅಂಗಡಿಗೂ ಗಂಟು ಹಾಕಿ ನೋಡಿದವರು ಯಾರೂ ಇರಲಿಲ್ಲ.

"ಶನಿವಾರ ಅವನನ್ನ ಠಾಣೆಗೆ ಕರೆದಿದ್ರು" ಎಂದಳು ಮೇಸ್ತ್ರಿಯಕ್ಕ, ಈಗ ಅವಳ ಗಂಟಲು ಸಣ್ಣದಾಗಿತ್ತು. "ಕೇಳಿ ಬಿಟ್ಟು ಕಳಿಸಿದ್ರು. ಸಾಕ್ಷಿ ಇಲ್ಲ. ಆ ರಾತ್ರಿ ಅವನು ಮನೆಗೆ ಬಂದಾಗ ಅಂಗಿ ಸೀಮೆಎಣ್ಣೆ ನಾತ ಹೊಡೀತಿತ್ತು. ನಾನೇ ಒಗೆದೆ. ಮಾರನೇ ದಿನ ಮೂರು ಗಂಟೆಗೆ ಇಲ್ಲಿ ಬಂದು ನಿಂತ್ರೆ, ಆ ಟಿವಿಯಲ್ಲಿ ಅದೇ! ಆ ಗುರು ಹುಡುಗರ ಕೈಗೆ ಡಬ್ಬ ಕೊಡ್ತಾ ಇದ್ದಾನೆ. ಅದನ್ನ ನಾನು ಬಾಯಿಬಿಟ್ಟು ಓದ್ಬೇಕಾ? ಆಮೇಲೆ ಆ ತಾಯಿ, ಹೆತ್ತ ಮಗನ್ನ ತಾನೇ ಹಿಡ್ದು ಕೊಡ್ತೀನಿ ಅಂತಾಳೆ. ಅದನ್ನೂ ಓದ್ಬೇಕಾ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀವು ಹೆತ್ತಿಲ್ಲ ದೊಡ್ಡಮ್ಮ, ನಿಮ್ಗೆ ಗೊತ್ತಾಗಲ್ಲ."

ಆ ಕೊನೆಯ ಮಾತಿನವರೆಗೂ ದೊಡ್ಡಮ್ಮನ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಅಯ್ಯೋ ಎನಿಸಿತ್ತು. ಆ ಮಾತು ಅದನ್ನೂ ಸುಟ್ಟಿತು.

"ಹೆತ್ತಿಲ್ಲ. ಸಾಕಿದ್ದೀನಿ. ನಿನ್ನ ಹೊಟ್ಟೆಯ ಹೆಗ್ಗಣ ನಿನಗೆ ಮುದ್ದು, ಮುದ್ದಾಡ್ಕೊ. ಮುಚ್ಚಿಡು, ಅದು ನಿನ್ನ ಪಾಪ. ಆದ್ರೆ ಅದನ್ನ ಮುಚ್ಚೋಕೆ ನನ್ನ ಮಗೂನೇ ಹೊದಿಕೆ ಮಾಡ್ಕೊಂಡ್ಯಲ್ಲ? ದಿನಾ ಮೂರಕ್ಕೆ ಇಲ್ಲಿ ನಿಂತು, ಏನೂ ಅರಿಯದ ಆ ಹುಡುಗನ ತಲೆ ಮೇಲೆ ಒಂದೊಂದೇ ಸೌದೆ ಪೇರಿಸಿದ್ಯಲ್ಲ? ನಿನ್ನ ಮಗ ಒಂದು ಅಂಗಡಿಗೆ ಹಚ್ಚಿದ. ನೀನು ಈ ಕೋಣೆಗೇ ಹಚ್ಚಿದೆ. ನೀನೇ ಹೆಚ್ಚು."

ಮೇಸ್ತ್ರಿಯಕ್ಕ ಗೋಡೆಗೆ ಒರಗಿ ಕುಕ್ಕರಿಸಿ ಮುಖ ಮುಚ್ಚಿಕೊಂಡಳು. ಈಗಲಾದರೂ ಹೆಂಗಸರು ಬಾಯಿಬಿಡುತ್ತಾರೆ, ಇಸ್ತ್ರಿ ಕೋಣೆಯ ಕಡೆ ಒಬ್ಬಳಾದರೂ ಹೋಗಿ ತಪ್ಪಾಯಿತಪ್ಪ ಎನ್ನುತ್ತಾಳೆ ಎಂದು ದೊಡ್ಡಮ್ಮ ಕಾದಳು. ಕಾಲರಮ್ಮ ಎದ್ದಳು. ಎದ್ದು ಹೋಗಿ ಮೇಸ್ತ್ರಿಯಕ್ಕನಿಗೆ ನೀರು ಕೊಟ್ಟಳು. ಜೇಬಕ್ಕ ಅವಳ ಬೆನ್ನು ಸವರಿದಳು. "ಹೋಗ್ಲಿ ಬಿಡಿ ಅಕ್ಕ, ಹೆತ್ತ ಕರುಳು. ಹುಡುಗ ಬುದ್ಧಿ, ಏನೋ ಆಗಿಹೋಯ್ತು" ಎಂದಳು.

ಮಧ್ಯಾಹ್ನ ಯಜಮಾನ ಬಂದ. ಅವನು ಕೂಗಾಡಲಿಲ್ಲ, ಕೂಗಾಡುವ ಜಾತಿಯವನಲ್ಲ. ಇಸ್ತ್ರಿಯವನನ್ನು ಬಾಗಿಲ ಹತ್ತಿರ ಕರೆದು, ಭುಜದ ಮೇಲೆ ಕೈ ಹಾಕಿ, "ನೋಡಪ್ಪ, ನಿನ್ನದೇನೂ ತಪ್ಪಿಲ್ಲ. ಆದ್ರೆ ಶಾಲೆಯ ಆರ್ಡರ್ ತಲೆ ಮೇಲಿದೆ. ಹೆಂಗಸ್ರು ಸಮಾಧಾನದಲ್ಲಿ ಇದ್ರೆ ಕೆಲ್ಸ ಆಗುತ್ತೆ. ಸ್ವಲ್ಪ ದಿನ ಬರಬೇಡ" ಎಂದ.

"ಸ್ವಲ್ಪ ದಿನ ಅಂದ್ರೆ?"

"ಹೇಳಿ ಕಳಿಸ್ತೀನಿ."

ದೊಡ್ಡಮ್ಮ ಕಿಟಕಿಯ ಹತ್ತಿರದಿಂದಲೇ ಕೇಳಿದಳು: "ತಪ್ಪು ಇಲ್ದೋನು ಹೋಗ್ಬೇಕು. ತಪ್ಪು ಮಾಡಿದೋಳು?"

"ಅವಳು ಹೋದ್ರೆ ಸಾಲು ನೋಡೋರ್ಯಾರು ದೊಡ್ಡಮ್ಮ? ನೀವು ಹಿರಿಯರು, ನೀವೇ ಹೀಗಂದ್ರೆ ಹೇಗೆ? ನಿಮ್ಮ ತಾಳ್ಮೆ ನೋಡಿ ಇವರೆಲ್ಲ ಕಲೀಬೇಕು."

"ನನ್ನ ತಾಳ್ಮೆಗೆ ಬೆಂಕಿ ಬಿತ್ತು!" ಎಂದಳು ದೊಡ್ಡಮ್ಮ. ಎದೆಯುದ್ದಕ್ಕೂ ಕಾಜಾ ಕತ್ತರಿಸಿಟ್ಟಿದ್ದ ಅಂಗಿಗಳ ರಾಶಿ ಅವಳ ಪಕ್ಕದಲ್ಲಿತ್ತು. ಕತ್ತರಿಸಿದ ಸೀಳಿನ ಅಂಚಿಗೆ ದಾರ ಸುತ್ತದಿದ್ದರೆ ಬಟ್ಟೆ ಎಳೆಎಳೆಯಾಗಿ ಬಿಚ್ಚಿ ಹಾಳಾಗುತ್ತದೆ. ಅವಳು ಅದನ್ನೆಲ್ಲ ಹಾಗೆಯೇ ಬಿಟ್ಟು ಎದ್ದಳು. "ನಿಮ್ಮ ಸಮಾಧಾನದಲ್ಲಿ ಇರೋ ಹೆಂಗಸ್ರ ಕೈಲಿ ಹಾಕಿಸ್ಕೊಳ್ಳಿ. ಗುಬ್ಬಿ, ಏಳೇ."

ಅವರಿಬ್ಬರೂ ಬಾಗಿಲು ದಾಟುವಾಗ ಮೂರು ಗಂಟೆಯಾಗಿತ್ತು. ಹಿಂದಿನಿಂದ ಟಿವಿಯ ಸದ್ದು ಕೇಳಿಸಿತು. ಆಮೇಲೆ ಕಾಲರಮ್ಮನ ದನಿ: "ಅಕ್ಕಾ, ಅತ್ತಿದ್ದು ಸಾಕು ಬನ್ನಿ. ನೀವೇ ಓದಿ. ನೀವು ಓದಿದ ಕಥೆನೇ ಚೆನ್ನಾಗಿತ್ತು."

ಗುಬ್ಬಿ ಹಿಂದಿರುಗಿ ನೋಡಿದಳು. ದೊಡ್ಡಮ್ಮ ಅವಳ ರಟ್ಟೆ ಹಿಡಿದು ಮುಂದಕ್ಕೆ ಎಳೆದಳು.

ಶುಕ್ರವಾರ ಮದುವೆಯಾಯಿತು. ಇಸ್ತ್ರಿಯವನ ಅಣ್ಣ ಒಂದು ಸಾಕ್ಷಿ, ದೊಡ್ಡಮ್ಮ ಒಂದು. ಮೂರನೆಯವರಿಗಾಗಿ ಕಚೇರಿಯ ಮೆಟ್ಟಿಲ ಮೇಲೆ ಬೆಳಗಿನಿಂದ ಕಾದರು. ಕಾರ್ಖಾನೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಕಡೆಗೆ ಅಲ್ಲೇ ಬಾಗಿಲಲ್ಲಿ ಅರ್ಜಿ ಬರೆದುಕೊಡುವ ಒಬ್ಬ ಅಪರಿಚಿತ ಎದ್ದು ಬಂದು, "ನಾನು ಹಾಕ್ತೀನಮ್ಮ, ಎಷ್ಟೂಂತ ಕಾಯ್ತೀರಿ" ಎಂದು ಸಹಿ ಹಾಕಿದ. ಅವನಿಗೆ ದೊಡ್ಡಮ್ಮ ಕೈ ಮುಗಿದಳು. ಗುಬ್ಬಿ ಅತ್ತಳು, ಅದು ಮದುವೆಯ ಅಳುವಲ್ಲ.

ಆ ಊರಿನಲ್ಲಿ ಇನ್ನು ಇರುವುದಾದರೂ ಹೇಗೆ? ಮೇಸ್ತ್ರಿಯಕ್ಕನ ಮಗನ ಗುಂಪು ಶನಿವಾರ ಅವರ ಮನೆಯ ಮುಂದೆ ಮೂರು ಸಲ ಹಾದುಹೋಯಿತು. ಏನೂ ಹೇಳಲಿಲ್ಲ, ನಿಧಾನಕ್ಕೆ ನಡೆದರು, ಅಷ್ಟೇ. ಇಸ್ತ್ರಿಯವನ ಅಣ್ಣ ತಾನಿರುವ ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಮಾತಾಡಿದ್ದ. ಮಾರನೇ ಬೆಳಗ್ಗೆ ಎರಡು ಗಂಟು, ಒಂದು ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣಕ್ಕೆ ಬಂದರು.

ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿದೆ ಎನ್ನುವಾಗ ಜೇಬಕ್ಕ ಏದುಸಿರು ಬಿಡುತ್ತ ಓಡಿಬಂದಳು. ಕೈಯಲ್ಲಿ ಹಣ್ಣಿನ ಚೀಲವಿತ್ತು. ಅದನ್ನು ಕಿಟಕಿಯಿಂದ ಗುಬ್ಬಿಯ ಮಡಿಲಿಗೆ ಹಾಕಿದಳು. ಒಂದು ಕ್ಷಣ ದೊಡ್ಡಮ್ಮನ ಮುಖ ಸಡಿಲವಾಯಿತು. ಎಷ್ಟಾದರೂ ಮನುಷ್ಯರು ತಾನೆ ಎನಿಸಿತು.

"ಬರ್ಬೇಕು ಅಂತಿದ್ದೆ ಕಣೇ ಶುಕ್ರವಾರ. ಎಲ್ರೂ ಏನಂತಾರೋ ಅಂತ..." ಎಂದು ಜೇಬಕ್ಕ ಕಿಟಕಿಯ ಸರಳು ಹಿಡಿದಳು. ಆಚೀಚೆ ನೋಡಿ ದನಿ ತಗ್ಗಿಸಿದಳು. "ಒಂದೇ ಒಂದು ಹೇಳಿಬಿಡು ಗುಬ್ಬಿ. ಒಂದು ವಾರದಿಂದ ನಿದ್ದೆ ಇಲ್ಲ. ಆ ಗಡಿಯಾರದ ಅಂಗಡಿಗೆ ನಿಜವಾಗ್ಲೂ ಬೆಂಕಿ ಹಚ್ಚಿದ್ದು ಯಾರು?"

ಗುಬ್ಬಿ ಬಾಯಿ ತೆರೆಯುವ ಮುಂಚೆ ದೊಡ್ಡಮ್ಮ ಹಣ್ಣಿನ ಚೀಲವನ್ನು ಎತ್ತಿ ಕಿಟಕಿಯಿಂದ ಹಿಂದಕ್ಕೆ ಅವಳ ಕೈಗೇ ತುರುಕಿದಳು.

"ಹಾಸಿಗೆ ಅಂಗಡಿಗೆ ಹಚ್ಚಿದ್ದು ಯಾರು ಅಂತ ಕೇಳೇ. ಅದಕ್ಕೆ ಉತ್ತರ ನಿನಗೂ ಗೊತ್ತು. ಕೋಣೆ ತುಂಬ ಕಿವಿ ಇತ್ತು, ಎಲ್ಲಾ ಕೇಳಿಸ್ಕೊಂಡ್ರಿ. ಠಾಣೆ ಇಲ್ಲೇ ಪಕ್ಕದ ಬೀದಿ. ಹೋಗಿ ಹೇಳು. ಹೇಳಿ ಬಂದ ದಿನ ನನಗೆ ಕಾಗದ ಹಾಕು, ಆ ಧಾರಾವಾಹಿಯದ್ದೂ ಹೇಳ್ತೀನಿ."

ಜೇಬಕ್ಕ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತಳು. ಠಾಣೆಯ ಕಡೆಗೂ ತಿರುಗಲಿಲ್ಲ, ಮನೆಯ ಕಡೆಗೂ ತಿರುಗಲಿಲ್ಲ. ಚಾಲಕ ಬಂದು ಕೂತ.

ಇಸ್ತ್ರಿಯವನು, ಗುಬ್ಬಿ, ದೊಡ್ಡಮ್ಮ, ಈ ಮೂವರೂ ಆ ಊರು ಬಿಟ್ಟದ್ದು ಭಾನುವಾರ.